ವೇಗ, ವೆಚ್ಚ, ವಿಶ್ವಾಸ: ಮನೆಯ ಅಂತರ್ಜಾಲದ ಮೂವತ್ತು ವರ್ಷಗಳು



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ ಬಂದಿತು. ಈಗ ಹೊರದೇಶದಲ್ಲಿ ಉದ್ಯೋಗದಲ್ಲಿರುವ ಅವನು, "ಸಾರ್, ಊರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇದ್ದಾರೆ. ವಾರಕ್ಕೆರಡು ಸಲವಾದರೂ ಅವರ ಮುಖ ನೋಡಿ ಮಾತನಾಡಬೇಕು. ಯಾವ ಕಂಪನಿಯ ಇಂಟರ್‌ನೆಟ್ ಹಾಕಿಸಲಿ? ಯಾವುದು ವೇಗ, ಯಾವುದು ಅಗ್ಗ, ಯಾವುದು ಕೈಕೊಡುವುದಿಲ್ಲ? ನೀವು ಅಲ್ಲಿಯೇ ಇದ್ದೀರಿ, ನೀವೇ ಹೇಳಬೇಕು" ಎಂದು ಬರೆದಿದ್ದ. ಒಂದು ಸಾಲಿನಲ್ಲಿ ಉತ್ತರಿಸಬಹುದಾದ ಪ್ರಶ್ನೆಯೆಂದು ಮೊದಲು ತೋರಿತು. ಬರೆಯಲು ಕುಳಿತಾಗ ಹಾಗಲ್ಲವೆಂದು ತಿಳಿಯಿತು. ಇಂಥದೇ ಪ್ರಶ್ನೆಗೆ ನಾನು ಹಿಂದೊಮ್ಮೆ ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಪಶ್ಚಾತ್ತಾಪ ಪಟ್ಟಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೂರು ದಶಕಗಳಷ್ಟು ಕಾಲ ಇತಿಹಾಸ ಪಾಠ ಮಾಡಿದವನಿಗೆ ಯಾವ ಪ್ರಶ್ನೆ ಬಂದರೂ ಅದರ ಬೇರನ್ನು ಹುಡುಕುವ ಚಟ. ಆದ್ದರಿಂದ ಮನೆಯ ಅಂತರ್ಜಾಲವೆಂಬುದು ನಮ್ಮ ದೇಶದಲ್ಲಿ ಹೇಗೆ ಬಂದಿತು, ಪ್ರತಿ ಕಾಲಘಟ್ಟದಲ್ಲಿ ಅದರ ವೇಗವೆಷ್ಟು, ಬೆಲೆಯೆಷ್ಟು, ಅದನ್ನು ಎಷ್ಟು ನಂಬಬಹುದಾಗಿತ್ತು ಎಂಬುದನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತೇನೆ. ಆಯ್ಕೆಯ ವಿವೇಕ ಆ ಚರಿತ್ರೆಯಲ್ಲಿಯೇ ಅಡಗಿದೆ ಎಂಬುದು ನನ್ನ ನಂಬಿಕೆ.

ವಿದ್ಯಾಸಂಸ್ಥೆಗಳ ಅಂಗಳದಲ್ಲಿ

ಭಾರತದಲ್ಲಿ ಅಂತರ್ಜಾಲದ ಬೀಜ ಬಿದ್ದದ್ದು ವಿದ್ಯಾಸಂಸ್ಥೆಗಳ ಅಂಗಳದಲ್ಲಿ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಅರ್ನೆಟ್ ಎಂಬ ಶಿಕ್ಷಣ ಮತ್ತು ಸಂಶೋಧನಾ ಜಾಲವನ್ನು ಆರಂಭಿಸಿತು. ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ, ಎಲೆಕ್ಟ್ರಾನಿಕ್ಸ್ ಇಲಾಖೆ, ಇವುಗಳ ಜೊತೆಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರ ಮೊದಲ ಪಾಲುದಾರರಲ್ಲಿ ಒಂದಾಗಿತ್ತು. ಅಂದರೆ ಜನಸಾಮಾನ್ಯರು ಆ ಪದವನ್ನು ಕೇಳುವುದಕ್ಕೆ ಹಲವು ವರ್ಷ ಮುಂಚೆಯೇ ಕರ್ನಾಟಕದ ನೆಲದಲ್ಲಿ ವಿದ್ವಾಂಸರು ಮಿಂಚಂಚೆ ಬಳಸುತ್ತಿದ್ದರು. ಆದರೆ ಅದು ವಿದ್ವಾಂಸರ ಸೊತ್ತು, ಮನೆಗೆ ಬರುವಂಥದಾಗಿರಲಿಲ್ಲ.

1995ರ ಆಗಸ್ಟ್ 15

ಮನೆಗೆ ಅಂತರ್ಜಾಲ ಬರುವ ಬಾಗಿಲು ತೆರೆದದ್ದು 1995ರ ಸ್ವಾತಂತ್ರ್ಯ ದಿನದಂದು. ವಿದೇಶ ಸಂಚಾರ ನಿಗಮವು, ಅಂದರೆ ವಿಎಸ್‌ಎನ್‌ಎಲ್, ಅಂದು ಸಾರ್ವಜನಿಕರಿಗಾಗಿ ಈ ಸೇವೆಯನ್ನು ಆರಂಭಿಸಿತು. ಸಂಪರ್ಕ ಪಡೆಯಬಹುದಾದ ಮೊದಲ ನಗರಗಳ ಪಟ್ಟಿಯಲ್ಲಿ ಮುಂಬಯಿ, ದೆಹಲಿ, ಕಲ್ಕತ್ತಾ, ಮದರಾಸುಗಳೊಡನೆ ಬೆಂಗಳೂರು, ಪುಣೆಗಳೂ ಇದ್ದವು. ವೇಗ ಸೆಕೆಂಡಿಗೆ 9.6 ಕಿಲೋಬಿಟ್. ವ್ಯಕ್ತಿಯೊಬ್ಬನಿಗೆ 250 ಗಂಟೆಗಳ ಬಳಕೆಗೆ 5,000 ರೂಪಾಯಿ. ನನ್ನ ಒಂದು ತಿಂಗಳ ಸಂಬಳ ಆಗ ಅದರ ಆಸುಪಾಸಿನಲ್ಲಿತ್ತು ಎಂದರೆ ಆ ಮೊತ್ತದ ತೂಕ ನಿಮಗೆ ಅರ್ಥವಾದೀತು. ವಿದ್ಯಾರ್ಥಿಗಳಿಗೆ 500 ರೂಪಾಯಿಯ ಅಗ್ಗದ ಖಾತೆಯೊಂದಿತ್ತು. ಆದರೆ ಅದರಲ್ಲಿ ಚಿತ್ರ ಬರುತ್ತಿರಲಿಲ್ಲ, ಬರಿಯ ಅಕ್ಷರ ಮಾತ್ರ.

ಇಲ್ಲಿ ಒಂದು ಸಣ್ಣ ಗಣಿತ ಮಾಡೋಣ. ಸೆಕೆಂಡಿಗೆ 9,600 ಬಿಟ್ ಎಂದರೆ ಗಂಟೆಗೆ ಮೂರು ಕೋಟಿ ನಲವತ್ತೈದು ಲಕ್ಷ ಅರವತ್ತು ಸಾವಿರ ಬಿಟ್. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಒಂದು ಗಂಟೆ ಎಡೆಬಿಡದೆ ಹರಿದರೂ ಬರುವುದು 4.32 ಎಂಬಿ. ವರ್ಷದ ಆ 250 ಗಂಟೆಗಳನ್ನೂ ಒಂದು ಕ್ಷಣ ವ್ಯರ್ಥವಾಗದಂತೆ ಬಳಸಿದರೆ ದೊರೆಯುವುದು ಒಂದು ಜಿಬಿಗಿಂತ ತುಸು ಹೆಚ್ಚು. ಐದು ಸಾವಿರ ರೂಪಾಯಿಗೆ ಒಂದು ಜಿಬಿ! ಇಂದು ಮನೆಯ ಮಕ್ಕಳು ಒಂದು ಸಿನಿಮಾ ನೋಡುವಷ್ಟರಲ್ಲಿ ಅದು ಮುಗಿದಿರುತ್ತದೆ.

ಇದರ ಮೇಲೆ ದೂರವಾಣಿಯ ಬಿಲ್ಲು ಬೇರೆ. ಡಯಲ್ ಅಪ್ ಎಂದರೆ ಮಾಡೆಮ್ ಎಂಬ ಪೆಟ್ಟಿಗೆಯು ಮನೆಯ ಫೋನಿನಿಂದ ಇನ್ನೊಂದು ಸಂಖ್ಯೆಗೆ ಕರೆ ಮಾಡಿ ಕೀಚು ದನಿಯಲ್ಲಿ ಮಾತನಾಡುವುದು. ಕರೆ ಎಷ್ಟು ಹೊತ್ತೋ ಬಿಲ್ಲೂ ಅಷ್ಟು. ಮೂರು ನಿಮಿಷಕ್ಕೊಂದು ಕರೆಯೆಂಬ ಲೆಕ್ಕದಲ್ಲಿ ಗಂಟೆಗೆ ಇಪ್ಪತ್ತು ಕರೆಗಳಾಗುತ್ತಿದ್ದವು. ಸಂಪರ್ಕ ಕೇಂದ್ರವಿಲ್ಲದ ಊರಿನವರು ಎಸ್.ಟಿ.ಡಿ. ದರವನ್ನೇ ತೆರಬೇಕಾಗಿತ್ತು. ಅಷ್ಟು ಹೊತ್ತೂ ಮನೆಯ ಫೋನು ನಿರತ. ಊರಿನಿಂದ ಯಾರಾದರೂ ಕಷ್ಟಸುಖದ ಸುದ್ದಿ ತಿಳಿಸಲು ಪ್ರಯತ್ನಿಸಿದರೂ ಸಿಗುತ್ತಿರಲಿಲ್ಲ.

ವಿಶ್ವಾಸಾರ್ಹತೆಯ ವಿಷಯ ಹೇಳುವುದೇ ಬೇಡ. ಬೇಡಿಕೆಯನ್ನು ಸರಿಯಾಗಿ ಅಂದಾಜು ಮಾಡಿರಲಿಲ್ಲವಾದ್ದರಿಂದ ಆರಂಭದ ತಿಂಗಳುಗಳಲ್ಲಿ ಸಂಪರ್ಕವೇ ಸಿಗದೆ ಗ್ರಾಹಕರು ಬೇಸತ್ತರು. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ಬಿ. ಕೆ. ಸಿಂಗಲ್ ಅವರು ತಪ್ಪು ತಮ್ಮದೆಂದು ಬಹಿರಂಗವಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ಆರು ತಿಂಗಳಲ್ಲಿ ಗ್ರಾಹಕರ ಸಂಖ್ಯೆ ಹತ್ತು ಸಾವಿರ ಮುಟ್ಟಿತು. ತಪ್ಪನ್ನು ಒಪ್ಪಿಕೊಂಡು ಸರಿಪಡಿಸುವ ಸಂಸ್ಥೆಯನ್ನು ಜನ ಬಿಟ್ಟುಹೋಗುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಬಿಟ್ಟುಹೋಗಲು ಬೇರೆ ಸಂಸ್ಥೆಯೂ ಇರಲಿಲ್ಲವೆಂಬುದನ್ನೂ ಮರೆಯುವಂತಿಲ್ಲ.

ಏಕಸ್ವಾಮ್ಯದ ಅಂತ್ಯ

ಆ ಏಕಸ್ವಾಮ್ಯ ಕೊನೆಗೊಂಡದ್ದು 1998ರಲ್ಲಿ. ಆ ವರ್ಷದ ನವೆಂಬರಿನಲ್ಲಿ ಸರ್ಕಾರ ಖಾಸಗಿಯವರಿಗೆ ಅಂತರ್ಜಾಲ ಸೇವೆಯ ಪರವಾನಗಿ ನೀಡತೊಡಗಿತು. ಇಡೀ ದೇಶಕ್ಕೆ, ಒಂದು ವಲಯಕ್ಕೆ, ಅಥವಾ ಒಂದು ಸಣ್ಣ ಪ್ರದೇಶಕ್ಕೆ ಎಂದು ಮೂರು ದರ್ಜೆಯ ಪರವಾನಗಿಗಳಿದ್ದವು. ಅದೇ ತಿಂಗಳಲ್ಲಿ ಸತ್ಯಂ ಇನ್ಫೋವೇ ಮೊದಲ ಖಾಸಗಿ ಸೇವೆಯನ್ನು ಆರಂಭಿಸಿತು. ಬೆಲೆ ಇಳಿಯಿತು. ಮಾಡೆಮ್‌ಗಳ ವೇಗ 56 ಕಿಲೋಬಿಟ್‌ಗೆ ಏರಿತು. ಕಾಗದದ ಮೇಲೆ 56. ಹಳೆಯ ತಂತಿಯ ಮೇಲೆ ಅದಕ್ಕಿಂತ ಸಾಕಷ್ಟು ಕಡಿಮೆ. ಜಾಹೀರಾತಿನ ವೇಗ ಒಂದು, ಮನೆಯ ವೇಗ ಇನ್ನೊಂದು ಎಂಬ ಪಾಠವನ್ನು ನಾವು ಕಲಿತದ್ದು ಆಗಲೇ.

ನಾನು ಅಂತರ್ಜಾಲವನ್ನು ಮೊದಲು ಕಂಡದ್ದೂ ಆ ಕಾಲದಲ್ಲಿ, ಶಿವಮೊಗ್ಗೆಯ ಒಂದು ಸೈಬರ್ ಕೆಫೆಯಲ್ಲಿ. ಗಂಟೆಗೆ 40 ರೂಪಾಯಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನಗಳಲ್ಲಿ ನಿಮ್ಮಲ್ಲಿ ಹಲವರು ಅಂಥ ಅಂಗಡಿಗಳ ಮುಂದೆ ನೋಂದಣಿ ಸಂಖ್ಯೆಯ ಚೀಟಿ ಹಿಡಿದು ನಿಂತಿದ್ದನ್ನು ಮರೆತಿರಲಾರಿರಿ. ಪುಟ ಅರ್ಧ ತೆರೆದು ನಿಂತುಬಿಟ್ಟಾಗ ನಿಮ್ಮ ಮುಖದಲ್ಲಿ ಕಾಣುತ್ತಿದ್ದ ಆತಂಕವನ್ನು ನಾನಂತೂ ಮರೆತಿಲ್ಲ.

2000ದ ಅಕ್ಟೋಬರ್ 1ರಂದು ದೂರಸಂಪರ್ಕ ಇಲಾಖೆಯ ಸೇವಾವಿಭಾಗವು ಬಿಎಸ್‌ಎನ್‌ಎಲ್ ಎಂಬ ನಿಗಮವಾಯಿತು. 2002ರಲ್ಲಿ ವಿಎಸ್‌ಎನ್‌ಎಲ್ ಟಾಟಾ ಸಮೂಹದ ಕೈಗೆ ಹೋಯಿತು.

ಬ್ರಾಡ್‌ಬ್ಯಾಂಡಿನ ದಿನಗಳು

2004ರ ಬ್ರಾಡ್‌ಬ್ಯಾಂಡ್ ನೀತಿಯು ಈ ಕಥೆಯ ಎರಡನೆಯ ಅಧ್ಯಾಯ. ಸದಾ ಸಂಪರ್ಕದಲ್ಲಿರುವ, ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗವುಳ್ಳ ಸೇವೆಯೇ ಬ್ರಾಡ್‌ಬ್ಯಾಂಡ್ ಎಂದು ಅದು ವ್ಯಾಖ್ಯಾನಿಸಿತು. ಈ ಕನಿಷ್ಠ ಮಿತಿಯು 2013ರಲ್ಲಿ 512 ಕಿಲೋಬಿಟ್‌ಗೆ, 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ಡಾಟಾಒನ್ ಸೇವೆಯನ್ನು ಆರಂಭಿಸಿತು. ಫೋನಿನ ಅದೇ ತಾಮ್ರದ ತಂತಿಯಲ್ಲಿ ಮಾತಿಗೊಂದು ಕಂಪನಾಂಕ, ಮಾಹಿತಿಗೊಂದು ಕಂಪನಾಂಕ. ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ ಎರಡನ್ನೂ ಬೇರ್ಪಡಿಸುತ್ತಿತ್ತು. ಹೀಗೆ ಫೋನು ಮತ್ತು ಅಂತರ್ಜಾಲ ಒಂದೇ ಸಮಯದಲ್ಲಿ ಕೆಲಸ ಮಾಡಿದವು.

ಆ ದಿನಗಳ ಯೋಜನೆಗಳಲ್ಲಿ ವೇಗಕ್ಕಿಂತ ಬಳಕೆಯ ಮಿತಿ ಮುಖ್ಯವಾಗಿತ್ತು. ತಿಂಗಳಿಗೆ ಇಷ್ಟು ಎಂಬಿ ಎಂದು ಗೊತ್ತುಪಡಿಸಿ, ಮಿತಿ ಮೀರಿದರೆ ಪ್ರತಿ ಎಂಬಿಗೂ ಶುಲ್ಕ ವಿಧಿಸುತ್ತಿದ್ದರು. ಕೆಲವು ಯೋಜನೆಗಳಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಬಳಕೆ ಲೆಕ್ಕಕ್ಕಿಲ್ಲ. ಆದ್ದರಿಂದ ಎಷ್ಟೋ ಮನೆಗಳಲ್ಲಿ ಮಕ್ಕಳು ಪರೀಕ್ಷೆಗೆ ಓದಲೂ ಏಳದ ಹೊತ್ತಿನಲ್ಲಿ ಅಲಾರಂ ಇಟ್ಟು ಎದ್ದು ಕಂಪ್ಯೂಟರನ್ನು ಚಾಲೂ ಮಾಡಿ ಮಲಗುತ್ತಿದ್ದರು! 2007ರ ಆರಂಭದಲ್ಲಿ ಅದೇ ಸಂಸ್ಥೆ ವೇಗವನ್ನು 2 ಮೆಗಾಬಿಟ್‌ವರೆಗೆ ಏರಿಸಿತು. ವೇಗ ಹೆಚ್ಚಾದಾಗ ಮಿತಿ ಬೇಗನೆ ಮುಗಿದು, ಬಿಲ್ಲು ನೋಡಿ ಗಾಬರಿಯಾದವರೂ ಇದ್ದರು.

ನಗರಗಳಲ್ಲಿ ಇದೇ ಕಾಲಕ್ಕೆ ಎರಡು ಬಗೆಯ ಸೇವೆಗಳ ನಡುವೆ ಸ್ಪರ್ಧೆ ನಡೆಯಿತು. ಒಂದು, ತಾಮ್ರದ ಫೋನ್ ತಂತಿಯ ಡಿಎಸ್‌ಎಲ್. ಬಿಎಸ್‌ಎನ್‌ಎಲ್, ಏರ್‌ಟೆಲ್ ಮೊದಲಾದವುಗಳು ನೀಡಿದ್ದು ಇದನ್ನು. ಇನ್ನೊಂದು, ಟಿವಿಯ ಕೇಬಲ್ ಜಾಲದ ಮೂಲಕ ಬರುವ ಸೇವೆ. ಹಾಥ್‌ವೇಯಂಥ ಸಂಸ್ಥೆಗಳು ನೀಡಿದ್ದು ಅದನ್ನು. ಎರಡರ ಗುಣದೋಷಗಳು ಅವುಗಳ ರಚನೆಯಲ್ಲಿಯೇ ಇದ್ದವು. ಡಿಎಸ್‌ಎಲ್‌ನಲ್ಲಿ ವಿನಿಮಯ ಕೇಂದ್ರದಿಂದ ಮನೆಯವರೆಗಿನ ತಂತಿ ನಿಮ್ಮೊಬ್ಬರದೇ. ಆದರೆ ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸುತ್ತದೆ. ಕೆಲವು ಕಿಲೋಮೀಟರ್ ದಾಟಿದರೆ ಸೇವೆಯೇ ಇಲ್ಲ. ಕೇಬಲ್‌ನಲ್ಲಿ ದೂರದ ತೊಂದರೆ ಕಡಿಮೆ. ಆದರೆ ಒಂದು ಬೀದಿಯ ಮನೆಗಳೆಲ್ಲ ಒಂದೇ ಹಾದಿಯನ್ನು ಹಂಚಿಕೊಳ್ಳುವುದರಿಂದ ಸಂಜೆಯ ಹೊತ್ತು ವೇಗ ಕುಸಿಯುತ್ತದೆ. ಕಂಬದ ಮೇಲಿನ ಆಂಪ್ಲಿಫೈಯರ್‌ಗೆ ವಿದ್ಯುತ್ ಹೋದರೆ ನಿಮ್ಮ ಮನೆಯಲ್ಲಿ ವಿದ್ಯುತ್ ಇದ್ದರೂ ಪ್ರಯೋಜನವಿಲ್ಲ.

ಇಲ್ಲಿ ಒಂದು ಕೈತಪ್ಪಿದ ಅವಕಾಶವನ್ನೂ ದಾಖಲಿಸಬೇಕು. ಬಿಎಸ್‌ಎನ್‌ಎಲ್‌ನ ತಾಮ್ರದ ತಂತಿಗಳನ್ನು ಇತರ ಸಂಸ್ಥೆಗಳೂ ಬಾಡಿಗೆಗೆ ಪಡೆದು ಸೇವೆ ನೀಡುವಂತಾಗಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2004ರಲ್ಲಿ ಶಿಫಾರಸು ಮಾಡಿತ್ತು. ಸರ್ಕಾರ ಅದನ್ನು ಒಪ್ಪಲಿಲ್ಲ. ಪರಿಣಾಮವಾಗಿ ಸ್ಪರ್ಧೆ ಏನಿದ್ದರೂ ದೊಡ್ಡ ನಗರಗಳಲ್ಲಿ, ಖಾಸಗಿಯವರು ಹೊಸದಾಗಿ ತಂತಿ ಎಳೆದ ಬಡಾವಣೆಗಳಲ್ಲಿ ಮಾತ್ರ ಬೆಳೆಯಿತು. ನಮ್ಮಂಥ ತಾಲ್ಲೂಕು ಕೇಂದ್ರಗಳಲ್ಲಿ, ಹಳ್ಳಿಗಳಲ್ಲಿ ಆಯ್ಕೆಯೆಂಬುದು ಬಹುಕಾಲ ಇರಲೇ ಇಲ್ಲ. ಹೋಲಿಸಲು ಎರಡು ವಸ್ತುಗಳಾದರೂ ಬೇಕಲ್ಲವೆ?

ಗಾಜಿನ ಎಳೆ

ಮೂರನೆಯ ಅಧ್ಯಾಯ ಆಪ್ಟಿಕಲ್ ಫೈಬರಿನದು. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯಲ್ಲಿ ಬೆಳಕು ಸಂದೇಶವನ್ನು ಒಯ್ಯುತ್ತದೆ. ತಾಮ್ರದಂತೆ ಅದು ತುಕ್ಕು ಹಿಡಿಯುವುದಿಲ್ಲ. ಗಾಜು ಲೋಹವಲ್ಲವಾದ್ದರಿಂದ ಸಿಡಿಲಿನ ಆಘಾತವನ್ನು ಮನೆಯೊಳಕ್ಕೆ ತರುವುದಿಲ್ಲ. ಮಲೆನಾಡಿನಲ್ಲಿ ಮೊದಲ ಮಳೆಯ ಗುಡುಗಿಗೆ ಮಾಡೆಮ್ ಸುಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.

2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಅದೇ ಮುಂದೆ ಭಾರತ್‌ನೆಟ್ ಎನಿಸಿತು. ಪಂಚಾಯಿತಿ ಕಚೇರಿಗೆ ಎಳೆ ಬಂದಷ್ಟು ಬೇಗ ಅಲ್ಲಿಂದ ಮನೆಗಳಿಗೆ ಬರಲಿಲ್ಲವೆಂಬುದು ಬೇರೆ ಮಾತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಮೊಬೈಲ್ ಸೇವೆ ಆರಂಭವಾದ ಮೇಲೆ ಮೊಬೈಲಿನ ಡೇಟಾ ಬೆಲೆ ಪಾತಾಳಕ್ಕಿಳಿಯಿತು. ಎಂಬಿ ಎಣಿಸುವ ಕಾಲ ಮುಗಿಯಿತು. 2019ರ ಸೆಪ್ಟೆಂಬರ್ 5ರಂದು ಜಿಯೋಫೈಬರ್, 699 ರೂಪಾಯಿಗೆ 100 ಮೆಗಾಬಿಟ್‌ನಿಂದ ಆರಂಭವಾಗುವ ಯೋಜನೆಗಳೊಡನೆ ಬಂದಿತು. ಮರುವರ್ಷ ಅದು 399 ರೂಪಾಯಿಗೆ 30 ಮೆಗಾಬಿಟ್‌ನ ಯೋಜನೆ ಪ್ರಕಟಿಸಿದಾಗ, ಏರ್‌ಟೆಲ್ 499 ರೂಪಾಯಿಗೆ 40 ಮೆಗಾಬಿಟ್, ಬಿಎಸ್‌ಎನ್‌ಎಲ್ 449 ರೂಪಾಯಿಗೆ 30 ಮೆಗಾಬಿಟ್ ಎಂದು ಉತ್ತರ ಕೊಟ್ಟವು. ಎಲ್ಲಕ್ಕೂ ಶೇಕಡಾ 18ರ ಜಿಎಸ್‌ಟಿ ಪ್ರತ್ಯೇಕ. 2020ರ ಆ ಒಂದೆರಡು ತಿಂಗಳಷ್ಟು ಪೈಪೋಟಿಯನ್ನು ಈ ಚರಿತ್ರೆಯಲ್ಲಿ ಬೇರೆಲ್ಲೂ ಕಾಣೆ.

1995ರ ಲೆಕ್ಕವನ್ನು ಇಲ್ಲಿಗೆ ತಂದು ನೋಡಿ. 449 ರೂಪಾಯಿಗೆ ತೆರಿಗೆ ಸೇರಿಸಿದರೆ ಸುಮಾರು 530. ಅದಕ್ಕೆ ಪೂರ್ಣವೇಗದಲ್ಲಿ 3,300 ಜಿಬಿ. ಎಲ್ಲವನ್ನೂ ಬಳಸಿದರೆ ಜಿಬಿಗೆ 16 ಪೈಸೆ. ನೂರು ಜಿಬಿ ಮಾತ್ರ ಬಳಸುವ ಸಾಧಾರಣ ಮನೆಗೂ ಜಿಬಿಗೆ ಐದು ರೂಪಾಯಿ ಮೂವತ್ತು ಪೈಸೆ.

ವೇಗದ ಏರಿಕೆಯನ್ನು ಒಂದು ಛಾಯಾಚಿತ್ರದ ಉದಾಹರಣೆಯಿಂದ ಹೇಳಬಹುದು. ಮೊಮ್ಮಗುವಿನ 3 ಎಂಬಿಯ ಒಂದು ಚಿತ್ರ ಅಜ್ಜಿಯನ್ನು ತಲುಪಲು 1995ರ ವೇಗದಲ್ಲಿ ಸುಮಾರು 42 ನಿಮಿಷ ಬೇಕು. 56 ಕಿಲೋಬಿಟ್‌ನಲ್ಲಿ ಏಳು ನಿಮಿಷ. 256ರಲ್ಲಿ ಒಂದೂವರೆ ನಿಮಿಷ. 2 ಮೆಗಾಬಿಟ್‌ನಲ್ಲಿ 12 ಸೆಕೆಂಡು. 30 ಮೆಗಾಬಿಟ್‌ನಲ್ಲಿ ಒಂದು ಸೆಕೆಂಡಿಗೂ ಕಡಿಮೆ. ಇಲ್ಲಿಂದ ಮುಂದೆ ವೇಗ ನೂರಾದರೇನು, ಮುನ್ನೂರಾದರೇನು, ಆ ಅಜ್ಜಿಗೆ ತಿಳಿಯುವ ವ್ಯತ್ಯಾಸವಿಲ್ಲ.

ಲೆಕ್ಕಕ್ಕೆ ಸಿಗದ ಮೂರನೆಯ ಗುಣ

ವೇಗವನ್ನೂ ಬೆಲೆಯನ್ನೂ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ. ವಿಶ್ವಾಸಾರ್ಹತೆಯನ್ನು ಯಾರೂ ಹಾಗೆ ಮುದ್ರಿಸುವುದಿಲ್ಲ. ಅದನ್ನು ಅಳೆಯುವ ಪ್ರಯತ್ನ ನಡೆದಿಲ್ಲವೆಂದಲ್ಲ. 2006ರಲ್ಲಿ ಟ್ರಾಯ್ ಬ್ರಾಡ್‌ಬ್ಯಾಂಡ್ ಸೇವೆಯ ಗುಣಮಟ್ಟಕ್ಕೆ ನಿಯಮ ರೂಪಿಸಿತು. ಶೇಕಡಾ 90ಕ್ಕಿಂತ ಹೆಚ್ಚು ದೂರುಗಳು ಮರು ಕೆಲಸದ ದಿನದೊಳಗೆ, ಶೇಕಡಾ 99ರಷ್ಟು ಮೂರು ಕೆಲಸದ ದಿನಗಳೊಳಗೆ ಪರಿಹಾರವಾಗಬೇಕು. ಸೇವೆಯು ಶೇಕಡಾ 98ಕ್ಕಿಂತ ಹೆಚ್ಚು ಕಾಲ ಲಭ್ಯವಿರಬೇಕು ಎಂಬುದು ಅದರ ಸಾರ. 2024ರ ಅಕ್ಟೋಬರಿನಿಂದ ಅದರ ಸ್ಥಾನದಲ್ಲಿ ಹೊಸ ನಿಯಮಾವಳಿ ಬಂದಿದೆ.

ಶೇಕಡಾ 98 ಎಂಬುದು ಕೇಳಲು ಪ್ರಥಮ ದರ್ಜೆಯ ಅಂಕ. ಆದರೆ ಮೂವತ್ತು ದಿನಗಳ ತಿಂಗಳಿನ 720 ಗಂಟೆಗಳಲ್ಲಿ ಉಳಿದ ಶೇಕಡಾ 2 ಎಂದರೆ 14 ಗಂಟೆಗೂ ಹೆಚ್ಚು. ವರ್ಷಕ್ಕೆ ಏಳು ದಿನಕ್ಕೂ ಹೆಚ್ಚು. ಆ ಏಳು ದಿನಗಳು ಯಾವಾಗ ಬರುತ್ತವೆ ಎಂಬುದೇ ಮುಖ್ಯ ಪ್ರಶ್ನೆ. ಸರಾಸರಿಯು ಅದನ್ನು ಹೇಳುವುದಿಲ್ಲ.

ಸಂಪರ್ಕ ಕಡಿಯುವ ಕಾರಣಗಳೂ ಬಗೆಬಗೆಯವು. ಕೆಲವು ಬಹು ದೂರದವು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಎರಡು ಕೇಬಲ್‌ಗಳು ತುಂಡಾದಾಗ ಭಾರತದ ಅಂತರ್ಜಾಲ ದಿನಗಟ್ಟಲೆ ಕುಂಟಿತು. ಯಾವ ಕಂಪನಿಯ ಗ್ರಾಹಕರಾದರೇನು, ಅಂಥ ಆಪತ್ತಿನಲ್ಲಿ ಬಹುತೇಕ ಎಲ್ಲರೂ ಸಮಾನರು. ಆದರೆ ನಮ್ಮ ನಿತ್ಯದ ತೊಂದರೆಗಳು ಹತ್ತಿರದವು. ರಸ್ತೆ ಅಗೆಯುವ ಜೆಸಿಬಿ, ಕಂಬಕ್ಕೆ ಬಿದ್ದ ಮರದ ಕೊಂಬೆ, ಎಳೆ ಕಡಿದ ಇಲಿ, ಊರಿನ ಪೆಟ್ಟಿಗೆಯಲ್ಲಿ ಸತ್ತುಹೋದ ಬ್ಯಾಟರಿ. ಇವೆಲ್ಲ ಕಡೆಯ ಒಂದೆರಡು ಕಿಲೋಮೀಟರಿನ ಸಂಗತಿಗಳು. ಆ ಎರಡು ಕಿಲೋಮೀಟರನ್ನು ನೋಡಿಕೊಳ್ಳುವವನು ಕಂಪನಿಯ ಅಧ್ಯಕ್ಷನಲ್ಲ. ಊರಿನ ಗುತ್ತಿಗೆದಾರ, ಅವನ ಕೈಕೆಳಗಿನ ಇಬ್ಬರು ಹುಡುಗರು.

ನನ್ನ ಬಾಲ್ಯದಲ್ಲಿ, ಯೌವನದಲ್ಲಿ ಕಂಡ ದೂರವಾಣಿ ಇಲಾಖೆಯ ಲೈನ್‌ಮನ್‌ಗಳು ನೆನಪಾಗುತ್ತಾರೆ. ಕಂಬಳಿ ಕೊಪ್ಪೆ ಹೊದ್ದು, ಆಷಾಢದ ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ಬಂದು ಕಂಬ ಹತ್ತುತ್ತಿದ್ದವರು. ಯಾವ ಕಂಬದ ಯಾವ ಜೋಡಣೆಯಲ್ಲಿ ನೀರು ಇಳಿಯುತ್ತದೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಸಂಪರ್ಕವನ್ನು ಉಳಿಸಿದ್ದು ಆ ಜ್ಞಾನ. ಅದು ಯಾವ ಯೋಜನೆಯ ಪಟ್ಟಿಯಲ್ಲಿಯೂ ಇರಲಿಲ್ಲ.

ನಾನು ಮಾಡಿದ ತಪ್ಪು

ಈಗ ಆ ಹಳೆಯ ಸಂಗತಿ. 2021ರ ಮಳೆಗಾಲಕ್ಕೆ ಮುಂಚೆ ನನ್ನ ತಂಗಿಯ ಮಗಳು ಕೇಳಿದಳು: "ಮಾವ, ನಮ್ಮನೆಗೆ ಯಾವ ನೆಟ್ ಹಾಕಿಸೋಣ?" ಅವಳು ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದಳು. ಸಂದರ್ಶನಗಳೆಲ್ಲ ಆಗ ಮನೆಯಿಂದಲೇ. ಅವಳ ಮನೆಯಲ್ಲಿದ್ದ ಹಳೆಯ ಸಂಪರ್ಕ ನಿಧಾನವಾಗಿತ್ತು, ದುಬಾರಿಯೂ ಆಗಿತ್ತು. ಆದರೆ ನಡೆಯುತ್ತಿತ್ತು. ಹೊಸದಾಗಿ ಬಂದ ಒಂದು ಸಂಸ್ಥೆ ಅದರ ಹಲವು ಪಟ್ಟು ವೇಗವನ್ನು ಅದಕ್ಕಿಂತ ಕಡಿಮೆ ಬೆಲೆಗೆ ಕೊಡುತ್ತಿತ್ತು. ಒಂದು ವರ್ಷದ ಹಣ ಮುಂಗಡ ಕಟ್ಟಿದರೆ ಇನ್ನೂ ರಿಯಾಯಿತಿ. ನಾನು ಎರಡೂ ಕರಪತ್ರಗಳನ್ನು ಪಕ್ಕಪಕ್ಕ ಇಟ್ಟು, ಕನ್ನಡಕ ಏರಿಸಿ, ಲೆಕ್ಕ ಹಾಕಿ, ಹೊಸದನ್ನೇ ಹಾಕಿಸಿ ಎಂದೆ. ಹಳೆಯದನ್ನು ಸುಮ್ಮನೆ ಏಕೆ ಇಟ್ಟುಕೊಳ್ಳುವುದೆಂದು ತೆಗೆಸಿದ್ದೂ ನನ್ನ ಸಲಹೆಯಿಂದಲೇ.

ಎರಡು ತಿಂಗಳು ಎಲ್ಲರೂ ನನ್ನನ್ನು ಹೊಗಳಿದರು. ಒಂದು ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವಳ ಕಡೆಯ ಸುತ್ತಿನ ಸಂದರ್ಶನ. ಹಿಂದಿನ ಸಂಜೆ ಚರಂಡಿ ಕೆಲಸದಲ್ಲಿ ಎಲ್ಲೋ ಎಳೆ ತುಂಡಾಯಿತು. ದೂರು ಕೊಟ್ಟರೆ ಯಂತ್ರದ ದನಿ. ಊರಿನ ಹುಡುಗನ ಫೋನು ಸ್ವಿಚ್ ಆಫ್. ಬೆಳಿಗ್ಗೆ ಮೊಬೈಲ್ ಹಿಡಿದು ಮಹಡಿಗೆ ಹೋದಳು. ಮಳೆ, ಒಂದು ಗೆರೆ ಸಿಗ್ನಲ್. ಹತ್ತು ನಿಮಿಷ ಮಾತನಾಡುವಷ್ಟರಲ್ಲಿ ಎದುರಿನವರ ಮುಖ ಸ್ತಬ್ಧವಾಯಿತು. ಮತ್ತೆ ಸೇರಿಕೊಳ್ಳುವ ಹೊತ್ತಿಗೆ ಅವರು ಮುಂದಿನ ಅಭ್ಯರ್ಥಿಯನ್ನು ಕರೆದಿದ್ದರು. ದುರಸ್ತಿಗೆ ಜನ ಬಂದದ್ದು ಶನಿವಾರ.

ಆ ಕೆಲಸ ಅವಳಿಗೆ ಸಿಗಲಿಲ್ಲ. ಸಂಪರ್ಕ ಕಡಿದದ್ದೇ ಕಾರಣವೆಂದು ನಾನು ಹೇಳಲಾರೆ. "ಹೋಗಲಿ ಬಿಡಿ ಮಾವ, ನೀವೇನು ಮಾಡ್ತೀರಿ" ಎಂದಳು. ಏಳು ತಿಂಗಳ ಬಳಿಕ ಬೇರೆ ಕೆಲಸಕ್ಕೆ ಸೇರಿದಳು. ಆದರೆ ಆ ಏಳು ತಿಂಗಳೂ ನಾನು ಅವರ ಮನೆಗೆ ಹೋದಾಗಲೆಲ್ಲ ಗೋಡೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕುಳಿತಿದ್ದ ಆ ಬಿಳಿಯ ಪೆಟ್ಟಿಗೆಯನ್ನು ನೋಡಲು ಸಂಕೋಚವಾಗುತ್ತಿತ್ತು. ಯಾವುದೇ ಘಟನೆಗೂ ಕಾರಣಗಳನ್ನು ಹುಡುಕಿ ಎಂದು ತರಗತಿಯಲ್ಲಿ ನಿಮಗೆ ಹೇಳಿಕೊಟ್ಟವನು ನಾನು. ಇಲ್ಲಿಯ ಕಾರಣ ಸ್ಪಷ್ಟವಿತ್ತು. ಮುದ್ರಿತವಾದ ಎರಡು ಅಂಕಿಗಳನ್ನು ಹೋಲಿಸಿದೆ. ಮುದ್ರಿತವಾಗದ ಮೂರನೆಯದನ್ನು ಪಕ್ಕದ ಮನೆಯವರಲ್ಲಿ ಕೇಳಲೂ ಇಲ್ಲ. ಅವರಲ್ಲಿ ಕೇಳಿದ್ದರೆ, ಆ ಬೀದಿಯಲ್ಲಿ ತಿಂಗಳಿಗೊಮ್ಮೆ ಹೀಗಾಗುತ್ತದೆಂದು ಹೇಳುತ್ತಿದ್ದರು. ಬಳಿಕ ಹೇಳಿದರು ಕೂಡ.

ಹಾಗಾದರೆ ಹೇಗೆ ಹೋಲಿಸಬೇಕು?

ಮೊದಲನೆಯದು ವೇಗ. ಮೆಗಾಬಿಟ್ ಬೇರೆ, ಮೆಗಾಬೈಟ್ ಬೇರೆ. 30 ಮೆಗಾಬಿಟ್ ಎಂದರೆ ಸೆಕೆಂಡಿಗೆ ನಾಲ್ಕು ಎಂಬಿಗಿಂತಲೂ ಕಡಿಮೆ. ಮನೆಯ ಫೈಬರ್ ಕೂಡ ಹಂಚಿಕೆಯದೇ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯ ಸುಮಾರು 2.5 ಗಿಗಾಬಿಟ್ ಸಾಮರ್ಥ್ಯವನ್ನು 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 64 ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ಣವಾಗಿ ಬಳಸಿದರೆ ಒಬ್ಬೊಬ್ಬರಿಗೆ ಬರುವುದು 39 ಮೆಗಾಬಿಟ್. ಎಲ್ಲರೂ ಏಕಕಾಲಕ್ಕೆ ಬಳಸುವುದಿಲ್ಲವೆಂಬ ನಂಬಿಕೆಯ ಮೇಲೆ ಈ ವ್ಯಾಪಾರ ನಿಂತಿದೆ. ಆದ್ದರಿಂದ ವೇಗವನ್ನು ಪರೀಕ್ಷಿಸುವುದಾದರೆ ರಾತ್ರಿ ಎಂಟು ಗಂಟೆಗೆ ಪರೀಕ್ಷಿಸಿ. ವೈಫೈಯಲ್ಲಿ ಅಲ್ಲ, ರೌಟರಿಗೆ ತಂತಿ ಜೋಡಿಸಿ. ನಮ್ಮ ಹಳೆಯ ಮನೆಗಳ ದಪ್ಪ ಗೋಡೆ ದಾಟುವಲ್ಲಿ ವೈಫೈ ಸೋಲುತ್ತದೆ. ಆ ಸೋಲನ್ನು ಕಂಪನಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಮುಖ ನೋಡಿ ಮಾತನಾಡುವುದಕ್ಕೆ ಬರುವ ವೇಗದಷ್ಟೇ ಹೋಗುವ ವೇಗವೂ ಬೇಕು, ಅದನ್ನೂ ಕೇಳಿ.

ಎರಡನೆಯದು ವೆಚ್ಚ. ತಿಂಗಳ ದರಕ್ಕೆ ಶೇಕಡಾ 18ರ ತೆರಿಗೆ, ಅಳವಡಿಕೆಯ ಶುಲ್ಕ, ರೌಟರಿನ ಠೇವಣಿ ಸೇರಿಸಿ ವರ್ಷದ ಮೊತ್ತ ಹಾಕಿ. ಆರಂಭದ ರಿಯಾಯಿತಿ ಎಷ್ಟು ತಿಂಗಳಿನದೆಂದು ಕೇಳಿ. ವರ್ಷದ ಹಣವನ್ನು ಮೊದಲೇ ಕಟ್ಟಬೇಡಿ. ಮುಂಗಡ ಕಟ್ಟಿದವನಿಗೆ ಬಿಟ್ಟುಹೋಗುವ ಸ್ವಾತಂತ್ರ್ಯ ಇರುವುದಿಲ್ಲ. 1995ರಲ್ಲಿ ನಮಗೆ ಇಲ್ಲದಿದ್ದದ್ದು ಅದೇ ಸ್ವಾತಂತ್ರ್ಯ. ಈಗ ಇರುವುದನ್ನು ರಿಯಾಯಿತಿಗಾಗಿ ಮಾರಿಕೊಳ್ಳುವುದೇಕೆ?

ಮೂರನೆಯದು ವಿಶ್ವಾಸ. ಇದಕ್ಕೆ ಕರಪತ್ರ ಬೇಡ, ಕಾಲ್ನಡಿಗೆ ಬೇಕು. ಅದೇ ಬೀದಿಯ ಮೂರು ಮನೆಗಳಲ್ಲಿ ಕೇಳಿ: ಕಳೆದ ಮಳೆಗಾಲದಲ್ಲಿ ಎಷ್ಟು ಸಲ ಕೆಟ್ಟಿತು? ದೂರು ಕೊಟ್ಟ ಎಷ್ಟು ದಿನಕ್ಕೆ ಬಂದರು? ಬಂದ ಹುಡುಗನ ಹೆಸರು ಗೊತ್ತೆ? ಮೂರನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಅದು ಒಳ್ಳೆಯ ಲಕ್ಷಣ. ಒಂದೇ ಕಂಪನಿ ಒಂದು ಊರಿನಲ್ಲಿ ಉತ್ತಮ, ಪಕ್ಕದ ಊರಿನಲ್ಲಿ ಅಧಮವಾಗಿರಬಹುದು. ಹಾಗೆಯೇ ಫೈಬರಿನ ಪೆಟ್ಟಿಗೆಗೆ ಮನೆಯ ವಿದ್ಯುತ್ ಬೇಕು. ಕರೆಂಟ್ ಹೋದರೆ ಅದೂ ಹೋಗುತ್ತದೆ. ರೌಟರಿಗೆಂದೇ ದೊರೆಯುವ ಸಣ್ಣ ಯುಪಿಎಸ್ ಒಂದನ್ನು ಕೊಂಡರೆ ಈ ತೊಂದರೆಯಿಲ್ಲ. ಕೊನೆಯದಾಗಿ, ಹೊಸದು ಒಂದು ಮಳೆಗಾಲ ದಾಟುವವರೆಗೆ ಹಳೆಯದನ್ನು ತೆಗೆಸಬೇಡಿ. ಮನೆಯಲ್ಲಿ ಎರಡು ದಾರಿಗಳಿರಲಿ: ಒಂದು ತಂತಿಯದು, ಇನ್ನೊಂದು ಬೇರೆ ಕಂಪನಿಯ ಮೊಬೈಲಿನದು.

ಪತ್ರ ಬರೆದ ಶಿಷ್ಯನಿಗೆ ನಾನು ಕಂಪನಿಯ ಹೆಸರನ್ನು ಬರೆಯಲಿಲ್ಲ. ಒಂದು ಭಾನುವಾರ ಬಸ್ಸು ಹಿಡಿದು ಅವನ ಊರಿಗೇ ಹೋದೆ. ನಾಲ್ಕು ಮನೆಗಳಲ್ಲಿ ವಿಚಾರಿಸಿದೆ. ಎಲ್ಲಕ್ಕಿಂತ ವೇಗವಾದದ್ದೂ ಅಲ್ಲದ, ಎಲ್ಲಕ್ಕಿಂತ ಅಗ್ಗವಾದದ್ದೂ ಅಲ್ಲದ ಸೇವೆಯೊಂದನ್ನು ನೋಡಿಕೊಳ್ಳುವ ಹುಡುಗ ಅದೇ ಊರಿನ ಕೆಳಗಿನ ಕೇರಿಯವನೆಂದೂ, ಮಳೆ ನಿಂತ ಕೂಡಲೆ ಕೇಳದೆಯೇ ತಂತಿ ನೋಡಿಕೊಂಡು ಹೋಗುವನೆಂದೂ ತಿಳಿಯಿತು. ಅದನ್ನೇ ಹಾಕಿಸಿದೆವು. ಹಳೆಯ ಫೋನಿನ ಸಂಪರ್ಕವನ್ನು ಸದ್ಯಕ್ಕೆ ಹಾಗೆಯೇ ಉಳಿಸಿಕೊಂಡಿದ್ದಾರೆ.

ಕಳೆದ ಭಾನುವಾರ ಅವನ ತಾಯಿ ನನಗೆ ಫೋನು ಮಾಡಿ, "ಮೇಷ್ಟ್ರೇ, ಮಗ ಇಲ್ಲೇ ಜಗುಲಿ ಮೇಲೆ ಕೂತು ಮಾತಾಡಿದ ಹಾಗಾಯ್ತು" ಎಂದರು. ಇನ್ನೂ ಒಂದು ಮಳೆಗಾಲ ಕಳೆಯಬೇಕು. ಬಳಿಕ ಅವರನ್ನೇ ಮತ್ತೊಮ್ಮೆ ಕೇಳಿ ನಿಮಗೆ ತಿಳಿಸುತ್ತೇನೆ.

ನಿಮ್ಮ ನಿಮ್ಮ ಊರುಗಳ ಅನುಭವವನ್ನೂ ಬರೆದು ತಿಳಿಸಿ.